ಬೇಲಿಯೊಳಗಿನ ಪರದೇಶದ ಕುರಿಗಳು

ಪೀಠಿಕೆ

ಕುರಿಮೇಕೆಗಳ ಸಾಕಣೆಯು ಮಾನವನ ಅತಿ ಪ್ರಾಚೀನ ವೃತ್ತಿಗಳಲ್ಲಿ ಒಂದು. ಆದರೆ ಕುರಿಯ ಸುತ್ತ ಹಗಲಿರುಳೂ ನಿಲ್ಲುವ ಬೇಲಿಯು ತೀರ ಈಚಿನದು. ನಮ್ಮ ನಾಡಿನ ಕುರುಬನು ರಾತ್ರಿಯ ಹೊತ್ತು ಮುಳ್ಳುಕಂಟಿಗಳ ಹಟ್ಟಿಯಲ್ಲಿ ತನ್ನ ಮಂದೆಯನ್ನು ಕೂಡುತ್ತಾನೆ. ಬೆಳಗಾದೊಡನೆ ಹಟ್ಟಿಯ ಬಾಗಿಲು ತೆರೆಯುತ್ತದೆ, ಮಂದೆಯು ಬಯಲಿಗೆ ಹೊರಡುತ್ತದೆ. ಹಗಲಿನಲ್ಲಿ ಅದಕ್ಕೆ ಕಾವಲಿರುವುದು ಕುರುಬನ ಕಣ್ಣು, ಅವನ ಕೋಲು, ಅವನ ನಾಯಿ, ಇವಿಷ್ಟೇ. 'ಹಟ್ಟಿ' ಎಂಬ ಈ ಮಾತಿಗೆ ಎಷ್ಟು ಗೌರವವೆಂದರೆ, ನೀಲಗಿರಿಯ ಬಡಗರು ತಮ್ಮ ಊರುಗಳನ್ನೇ ಹಟ್ಟಿಗಳೆಂದು ಕರೆಯುತ್ತಾರೆ. ಮಂದೆಯನ್ನು ಕೂಡುವ ಸ್ಥಳಕ್ಕೂ ಮನುಷ್ಯನು ಬಾಳುವ ಸ್ಥಳಕ್ಕೂ ಒಂದೇ ಹೆಸರು ಸಲ್ಲುವುದು ಸಣ್ಣ ಮಾತಲ್ಲ.

ಇದಕ್ಕೆ ತೀರ ಭಿನ್ನವಾದ ಮತ್ತೊಂದು ಪದ್ಧತಿಯುಂಟು. ಸಹಸ್ರಾರು ಎಕರೆ ಹುಲ್ಲುಗಾವಲನ್ನು ತಂತಿಯಿಂದ ಸುತ್ತುವರಿದು, ಅದರೊಳಗೆ ಪ್ರಾಣಿಗಳನ್ನು ಬಿಟ್ಟು, ಕಾವಲುಗಾರನ ಕೆಲಸವನ್ನು ಬೇಲಿಗೇ ಒಪ್ಪಿಸುವ ಪದ್ಧತಿ ಅದು. ಅಮೆರಿಕದವರು ಇಂಥ ನೆಲವನ್ನು 'ರಾಂಚು' ಎನ್ನುತ್ತಾರೆ. ಇದು ಸ್ಪಾನಿಷ್ ಭಾಷೆಯಿಂದ ಬಂದ ಮಾತು. ಅಲ್ಲಿ ಮೊದಲು ದನಗಳಿದ್ದುವು, ಆಮೇಲೆ ಊರಕುರಿಗಳು ಬಂದುವು, ಅನಂತರ ದೂರದೇಶದ ಮೇಕೆಗಳು; ಕಡೆಗೆ ಆಫ್ರಿಕ, ಯೂರೋಪು, ಏಷ್ಯಾಗಳ ಕಾಡುಕುರಿಗಳೂ ಕಾಡಾಡುಗಳೂ ಬಂದು ಸೇರಿದುವು. ಈ ಕ್ರಮವನ್ನು ಟೆಕ್ಸಾಸ್ ಸಂಸ್ಥಾನದ ಚರಿತ್ರೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣೆವು.

ಎಲ್ಲಿಯ ಟೆಕ್ಸಾಸು, ಎಲ್ಲಿಯ ನೀಲಗಿರಿ, ತಾಳವಾಡಿ ಎಂದು ವಾಚಕರು ಕೇಳಬಹುದು. ಸಂಬಂಧವುಂಟು. ನಮ್ಮ ಮೋಯಾರ್ ಕಣಿವೆಯಲ್ಲಿ ಮೇಯುವ ಕೃಷ್ಣಮೃಗದ ಜಾತಿಯವೇ ಇಂದು ಟೆಕ್ಸಾಸಿನ ಬೇಲಿಗಳೊಳಗೆ ಸಾವಿರಗಟ್ಟಲೆ ಮೇಯುತ್ತಿವೆ. ನಮ್ಮ ಬೆಟ್ಟದ ಮೇಲಿನ ಊರಕುರಿಯ ರಕ್ತದಲ್ಲಿ ಪರದೇಶದ ಟಗರುಗಳ ಅಂಶವಿದೆ. ನಮ್ಮ ಬಂಡೆಗಳ ಮೇಲಿನ ಕಾಡಾಡಿನ ಹಿಮಾಲಯದ ಬಂಧುವೊಂದು ಸಮುದ್ರ ದಾಟಿ ಹೋಗಿ ಅನ್ಯರಿಗೆ ತಲೆನೋವಾಗಿದೆ. ಆದುದರಿಂದ ಆ ದೇಶದ ಕಥೆಯಲ್ಲಿ ನಾವು ಅರಿಯಬೇಕಾದ ಪಾಠವಿದೆ. ಬೇಲಿಯು ಯಾವುದನ್ನು ಕಾಯಬಲ್ಲದು, ಯಾವುದನ್ನು ಕಾಯಲಾರದು ಎಂಬುದೇ ಆ ಪಾಠ.

ಮುಳ್ಳುತಂತಿಯ ಆಗಮನ

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಟೆಕ್ಸಾಸಿನ ಹುಲ್ಲುಗಾವಲು ಬಹುಮಟ್ಟಿಗೆ ಬಯಲಾಗಿಯೇ ಇದ್ದಿತು. ಮರವಾಗಲಿ ಕಲ್ಲಾಗಲಿ ಸಾಲದಿದ್ದ ಆ ವಿಶಾಲ ಮೈದಾನದಲ್ಲಿ ಬೇಲಿ ಹಾಕುವುದು ಯಾರ ಶಕ್ತಿಗೂ ಮೀರಿದ ಕೆಲಸ. ಯಾರ ದನ ಯಾರದೆಂಬುದನ್ನು ಮೈಮೇಲೆ ಕಾಯಿಸಿ ಒತ್ತಿದ ಮುದ್ರೆಯಿಂದ ಗುರುತಿಸುತ್ತಿದ್ದರು. ಹುಲ್ಲೂ ನೀರೂ ಮೊದಲು ಬಂದವನಿಗೆ ಮೊದಲು ಸಲ್ಲುತ್ತಿದ್ದುವು.

1874ರಲ್ಲಿ ಇಲಿನಾಯ್ ಸಂಸ್ಥಾನದ ಜೋಸೆಫ್ ಗ್ಲಿಡನ್ ಎಂಬ ರೈತನು, ಎರಡು ತಂತಿಗಳನ್ನು ಹೊಸೆದು ನಡುನಡುವೆ ಮುಳ್ಳುಗಳನ್ನು ಸಿಕ್ಕಿಸುವ ವಿಧಾನಕ್ಕೆ ಸರ್ಕಾರದ ಹಕ್ಕುಪತ್ರವನ್ನು ಪಡೆದನು. ಇಷ್ಟು ಸಣ್ಣ ತಂತಿಯು ಟೆಕ್ಸಾಸಿನ ಉದ್ದಕೊಂಬಿನ ಹೋರಿಗಳನ್ನು ತಡೆದೀತೆಂದು ಅಲ್ಲಿಯವರು ನಂಬಲಿಲ್ಲ. 1876ರಲ್ಲಿ ಜಾನ್ ಗೇಟ್ಸ್ ಎಂಬ ವ್ಯಾಪಾರಿಯು ಸ್ಯಾನ್ ಆಂಟೋನಿಯೊ ಪಟ್ಟಣದ ನಡುವಣ ಚೌಕದಲ್ಲಿ ತಂತಿಯ ದೊಡ್ಡಿಯನ್ನು ಕಟ್ಟಿ, ಅದರೊಳಗೆ ದನಗಳನ್ನು ನಿಲ್ಲಿಸಿ ತೋರಿಸಿದ ಬಳಿಕ ಜನರ ಸಂಶಯವು ಹರಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ತಂತಿಯು ದಿಗಂತದಿಂದ ದಿಗಂತಕ್ಕೆ ಹರಡಿತು.

ಬೇಲಿಯ ಹಿಂದೆಯೇ ಕಲಹವೂ ಬಂದಿತು. ಬೇಲಿ ಹಾಕಿದವರು ತಮ್ಮ ನೆಲವನ್ನಷ್ಟೇ ಸುತ್ತಲಿಲ್ಲ. ಕೆಲವರು ಸಾರ್ವಜನಿಕ ನೆಲವನ್ನೂ ನೀರಿನ ಆಸರೆಗಳನ್ನೂ ದಾರಿಗಳನ್ನೂ ಒಳಗೆ ಸೇರಿಸಿಕೊಂಡರು. 1883ರ ಬರಗಾಲದಲ್ಲಿ ಹುಲ್ಲುನೀರುಗಳಿಲ್ಲದೆ ಕಂಗೆಟ್ಟ ಭೂಹೀನ ಗೋಪಾಲಕರು ರಾತ್ರಿಯ ಹೊತ್ತು ಗುಂಪುಗೂಡಿ ತಂತಿಗಳನ್ನು ಕತ್ತರಿಸತೊಡಗಿದರು. ಪ್ರಾಣಹಾನಿಯೂ ಆಯಿತು. 1884ರಲ್ಲಿ ಸಂಸ್ಥಾನದ ಶಾಸನಸಭೆಯು ವಿಶೇಷವಾಗಿ ಸೇರಿ, ಬೇಲಿ ಕತ್ತರಿಸುವುದನ್ನು ಘೋರಾಪರಾಧವೆಂದು ವಿಧಿಸಿತು. ಅದರೊಡನೆ ಸಾರ್ವಜನಿಕ ದಾರಿಗೆ ಅಡ್ಡಲಾಗಿ ಬೇಲಿ ಹಾಕಿದವನು ಮೂರು ಮೈಲಿಗೊಂದು ಬಾಗಿಲನ್ನಿಡಬೇಕೆಂದೂ ಗೊತ್ತುಮಾಡಿತು. ಬೇಲಿಯು ಒಬ್ಬನ ಆಸ್ತಿಯನ್ನು ಕಾಯುವಾಗ ಇನ್ನೊಬ್ಬನ ಜೀವನಕ್ಕೆ ಅಡ್ಡ ಬರಬಾರದೆಂಬ ವಿವೇಕವು ಆ ಶಾಸನದಲ್ಲಿತ್ತೆನ್ನಬಹುದು. ಆದರೆ ಆ ವಿವೇಕವು ಮನುಷ್ಯರ ದಾರಿಯನ್ನಷ್ಟೇ ಕುರಿತದ್ದು. ಮೃಗಗಳ ದಾರಿಯನ್ನೂ ಹುಲ್ಲಿನ ಅಳವನ್ನೂ ಕುರಿತು ಯೋಚಿಸುವ ಕಾಲವು ಇನ್ನೂ ಬಂದಿರಲಿಲ್ಲ.

ಅಂಗೋರದ ಮೇಕೆಗಳು

ಟೆಕ್ಸಾಸಿನ ನಡುಭಾಗದಲ್ಲಿ ಎಡ್ವರ್ಡ್ಸ್ ಪ್ರಸ್ಥಭೂಮಿಯೆಂಬ ಸುಣ್ಣಕಲ್ಲಿನ ಗುಡ್ಡಸೀಮೆಯಿದೆ. ಮಣ್ಣು ತೆಳು, ಮಳೆ ಅನಿಶ್ಚಿತ, ಗಿಡ್ಡಮರಗಳೂ ಪೊದೆಗಳೂ ದಟ್ಟ. ದನಗಳಿಗಿಂತ ಕುರಿಮೇಕೆಗಳಿಗೇ ಹೇಳಿ ಮಾಡಿಸಿದ ನೆಲ. ಆಡು ಮುಟ್ಟದ ಸೊಪ್ಪಿಲ್ಲವೆಂಬ ನಮ್ಮ ಗಾದೆಯ ಸತ್ಯವನ್ನು ಆ ಗುಡ್ಡಗಳ ಜನ ಲಾಭವಾಗಿ ಪರಿವರ್ತಿಸಿಕೊಂಡರು. ಆಲ್ಸೇಸಿನಿಂದ ಬಂದು ಕರ್‌ವಿಲ್ ಎಂಬ ಊರಿನಲ್ಲಿ 1869ರಲ್ಲಿ ಅಂಗಡಿ ತೆರೆದ ಚಾರ್ಲ್ಸ್ ಷ್ರೈನರ್ ಎಂಬಾತನು ಕುರಿಮೇಕೆಗಳ ಸಾಕಣೆಗೆ ಬೆಂಬಲವಾಗಿ ನಿಂತು, ಆ ಊರನ್ನು ಉಣ್ಣೆಯ ವ್ಯಾಪಾರದ ಕೇಂದ್ರವನ್ನಾಗಿ ಮಾಡಿದನು. 1880ರಲ್ಲಿ ಅವನು ಕೊಂಡ 'ವೈ. ಓ.' ಎಂಬ ರಾಂಚಿನ ಹೆಸರು ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ.

ಆ ಸೀಮೆಯ ಹೊರನಾಡ ಪ್ರಾಣಿಗಳಲ್ಲಿ ಮೊದಲು ಹೆಸರಾದದ್ದು ತುರ್ಕಿಯ ಅಂಗೋರ ಮೇಕೆ. ಇಂದಿನ ಅಂಕಾರಾ ನಗರದ ಹಳೆಯ ಹೆಸರೇ ಅಂಗೋರ. ರೇಷ್ಮೆಯಂತೆ ಹೊಳೆಯುವ ಅದರ ನೀಳ ಕೂದಲಿಗೆ ಮೊಹೇರ್ ಎಂದು ಹೆಸರು. ದಕ್ಷಿಣ ಕ್ಯಾರೊಲೈನಾದ ಜೇಮ್ಸ್ ಡೇವಿಸ್ ಎಂಬವರು ಹತ್ತಿಯ ಬೇಸಾಯದಲ್ಲಿ ಸಲಹೆ ಕೊಡಲು ತುರ್ಕಿಗೆ ಹೋಗಿದ್ದು, 1849ರಲ್ಲಿ ಸುಲ್ತಾನನ ಕಾಣಿಕೆಯಾಗಿ ಈ ಮೇಕೆಗಳ ಒಂದು ಪುಟ್ಟ ಹಿಂಡನ್ನು ತಂದರು. ಅವು ಕಾಶ್ಮೀರದ ಶಾಲಿನ ಮೇಕೆಗಳೆಂದು ಅಮೆರಿಕದವರು ಕೆಲವು ಕಾಲ ಭಾವಿಸಿದ್ದರಂತೆ. ಅವುಗಳ ಸಂತತಿಯು ಕಾಲಕ್ರಮದಲ್ಲಿ ಟೆಕ್ಸಾಸನ್ನು ಸೇರಿತು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಮೊಹೇರಿನ ಬಹುಪಾಲು ಈ ಗುಡ್ಡಸೀಮೆಯಿಂದಲೇ ಹೋಗುತ್ತಿತ್ತು.

ಮೇಕೆಗೆ ಮುಳ್ಳುತಂತಿ ಸಾಲದು. ಎಳೆಗಳ ನಡುವೆ ನುಸುಳಿಬಿಡುತ್ತದೆ. ಆದುದರಿಂದ ಬಲೆಯಂತೆ ಹೆಣೆದ ತಂತಿಯ ಬೇಲಿಗಳು ಬಂದುವು. ಅವು ಮೇಕೆಗಳನ್ನು ಒಳಗಿಟ್ಟಂತೆಯೇ ತೋಳಗಳ ಜಾತಿಯನ್ನು ಹೊರಗಿಟ್ಟುವು. ಒಳಗೆ ಸಿಕ್ಕಿದ ಹಿಂಸ್ರಪ್ರಾಣಿಗಳನ್ನು ರಾಂಚಿನವರು ಬಲೆಯಿಂದಲೂ ಗುಂಡಿನಿಂದಲೂ ನಿರ್ಮೂಲಮಾಡಿದರು. ಹೀಗೆ ಮೇಯುವ ಪ್ರಾಣಿಗೆ ಶತ್ರುವಿಲ್ಲದ ಒಂದು ಸೀಮೆಯು ಸಿದ್ಧವಾಯಿತು. ಮುಂದೆ ಬರಲಿದ್ದ ಹೊಸ ಅತಿಥಿಗಳಿಗೆ ಇದೇ ನಡೆಮಡಿಯಾಯಿತು.

ಕಾಡುಕುರಿಗಳ ಪ್ರವೇಶ

ಉಣ್ಣೆಗೂ ಹಾಲಿಗೂ ಅಲ್ಲದೆ ನೋಟಕ್ಕಾಗಿಯೂ ಬೇಟೆಗಾಗಿಯೂ ಪರದೇಶದ ಮೃಗಗಳನ್ನು ಸಾಕುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೊದಲಾಯಿತು. 1930ರ ಸುಮಾರಿಗೆ ದಕ್ಷಿಣ ಟೆಕ್ಸಾಸಿನ ಕಿಂಗ್ ರಾಂಚಿನಲ್ಲಿ ನಮ್ಮ ದೇಶದ ನೀಲಗಾಯಿಗಳು ನೆಲೆಗೊಂಡುವು. 1932ರಲ್ಲಿ ಕರ್‌ವಿಲ್ಲಿನ ಸುತ್ತಣ ಕರ್ ಜಿಲ್ಲೆಗೆ ನಮ್ಮ ಚುಕ್ಕೆ ಜಿಂಕೆಯೂ ಕೃಷ್ಣಮೃಗವೂ ಹೋದುವು. ಇವೆಲ್ಲ ಮೃಗಾಲಯಗಳಿಂದ ಬಂದ ಪ್ರಾಣಿಗಳು. ಕಾಲುಬಾಯಿ ರೋಗ ಮೊದಲಾದ ಪಿಡುಗುಗಳ ಭಯದಿಂದ, ಮೆಲುಕುಹಾಕುವ ಕಾಡುಮೃಗಗಳನ್ನು ಹೊರನಾಡುಗಳಿಂದ ನೇರವಾಗಿ ರಾಂಚುಗಳಿಗೆ ತರಲು ಅಮೆರಿಕದ ಕಾನೂನು ಬಿಡುತ್ತಿರಲಿಲ್ಲ. ತಂದವು ಮೃಗಾಲಯದಲ್ಲಿಯೇ ಉಳಿಯಬೇಕು, ಅವುಗಳ ಮರಿಗಳಷ್ಟೇ ಹೊರಗೆ ಹೋಗಬಹುದು ಎಂಬುದು ನಿಯಮವಾಯಿತು.

1950ರಿಂದ 1957ರವರೆಗೆ ಟೆಕ್ಸಾಸನ್ನು ಭೀಕರವಾದ ಕ್ಷಾಮವು ಹಿಡಿಯಿತು. ಹುಲ್ಲು ಸುಟ್ಟು, ತೊರೆಗಳು ಬತ್ತಿ, ಮಂದೆಗಳನ್ನು ಸಿಕ್ಕಿದ ಬೆಲೆಗೆ ಮಾರಿದ ರಾಂಚಿನವರು ಬೇರೆ ವರಮಾನಗಳನ್ನು ಹುಡುಕಬೇಕಾಯಿತು. ವೈ. ಓ. ರಾಂಚಿನಲ್ಲಿ ಷ್ರೈನರನ ಮೊಮ್ಮಗನಾದ ಮೂರನೆಯ ಚಾರ್ಲ್ಸ್ ಷ್ರೈನರನು ಪರದೇಶದ ಮೃಗಗಳನ್ನು ದೊಡ್ಡ ಪ್ರಮಾಣದಲ್ಲಿ ಸಾಕತೊಡಗಿದುದು ಈ ದಶಕದಲ್ಲಿಯೇ. ಬೇಟೆಗಾರರಿಂದ ಹಣ ಪಡೆದು ಗೊತ್ತಾದ ಮೃಗವನ್ನು ಹೊಡೆಯಗೊಡುವ ವ್ಯವಹಾರವು ಬೆಳೆಯಿತು.

ಈ ಅತಿಥಿಗಳಲ್ಲಿ ಕುರಿಮೇಕೆಗಳ ಕುಲದವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಉತ್ತರ ಆಫ್ರಿಕದ ಅಟ್ಲಾಸ್ ಪರ್ವತಗಳ ಬಾರ್ಬರಿ ಕುರಿ. ಔದಾದ್ ಎಂದೂ ಅದಕ್ಕೆ ಹೆಸರು. ಮರಳಿನ ಬಣ್ಣ, ಹಿಂದಕ್ಕೆ ಬಾಗಿದ ದಪ್ಪ ಕೊಂಬು, ಕುತ್ತಿಗೆಯಿಂದ ಮುಂಗಾಲಿನವರೆಗೆ ಇಳಿಬಿದ್ದ ಕೂದಲು. ಬಿಸಿಲಿಗೂ ಬಾಯಾರಿಕೆಗೂ ಅಳುಕದ ಪ್ರಾಣಿ. ಎರಡನೆಯದು ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳ ಮೂಫ್ಲಾನ್ ಎಂಬ ಕಾಡುಕುರಿ. ಮೂರನೆಯದು ಐಬೆಕ್ಸ್ ಎಂಬ ಕಾಡಾಡು.

ಮೂಫ್ಲಾನಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದ, ಉಣ್ಣೆಯಿಲ್ಲದ ಕಪ್ಪುಹೊಟ್ಟೆಯ ಊರಕುರಿಗಳನ್ನು ಅಮೆರಿಕದ ಕೃಷಿ ಇಲಾಖೆಯು 1904ರಲ್ಲಿ ತರಿಸಿತ್ತು. ಟೆಕ್ಸಾಸಿನವರು ಅವನ್ನು ಮೂಫ್ಲಾನಿನೊಡನೆ ಕೂಡಿಸಿ, ದೊಡ್ಡ ಸುರುಳಿಗೊಂಬಿನ ಮಿಶ್ರತಳಿಗಳನ್ನು ಬೆಳೆಸಿದರು. ಬಿಳಿಯದಕ್ಕೆ ಟೆಕ್ಸಾಸ್ ಡಾಲ್, ಕರಿಯದಕ್ಕೆ ಹವಾಯಿಯ ಕರಿಕುರಿ, ಬಣ್ಣಬಣ್ಣದ ಮಚ್ಚೆಯದಕ್ಕೆ ಪೇಂಟೆಡ್ ಡೆಸರ್ಟ್ ಎಂದು ಹೆಸರಿಟ್ಟರು. ಹೆಸರುಗಳನ್ನು ಕೇಳಿದವನು ಇವು ಅಲಾಸ್ಕದಿಂದಲೋ ಹವಾಯಿಯಿಂದಲೋ ಬಂದ ಶುದ್ಧ ಕಾಡುಕುಲಗಳೆಂದು ಭ್ರಮಿಸಬಹುದು. ಅವು ನಿಜವಾಗಿ ಟೆಕ್ಸಾಸಿನ ಬೇಲಿಯೊಳಗೇ ಹುಟ್ಟಿದವು.

1963ರಲ್ಲಿ ನಡೆದ ಮೊದಲ ಗಣತಿಯಲ್ಲಿ ಟೆಕ್ಸಾಸಿನ ಪರದೇಶದ ಮೃಗಗಳು ಸುಮಾರು 13,000 ಎಂದು ತಿಳಿದುಬಂದಿತು. 1967ರಲ್ಲಿ ಅವುಗಳ ಸಾಕಣೆದಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1994ರ ಗಣತಿಯ ಹೊತ್ತಿಗೆ ಸಂಖ್ಯೆಯು ಸುಮಾರು 1,95,000ಕ್ಕೆ ಏರಿತ್ತು. ಈ ಏರಿಕೆಗೆ ಇನ್ನೊಂದು ಕಾರಣವೂ ಒದಗಿತು. 1954ರ ಉಣ್ಣೆ ಶಾಸನದಂತೆ ಉಣ್ಣೆಗೂ ಮೊಹೇರಿಗೂ ಸಲ್ಲುತ್ತಿದ್ದ ಸಹಾಯಧನವನ್ನು ನಿಲ್ಲಿಸಲು ಅಮೆರಿಕದ ಸಂಸತ್ತು 1993ರಲ್ಲಿ ತೀರ್ಮಾನಿಸಿತು. ಅಂಗೋರದ ಮಂದೆಗಳು ಕರಗಿದುವು. ಅವುಗಳ ಸ್ಥಾನಕ್ಕೆ ದಕ್ಷಿಣ ಆಫ್ರಿಕದಿಂದ ಹುಟ್ಟಿಬಂದ, ಮಾಂಸಕ್ಕೆ ಹೆಸರಾದ ಬೋಯರ್ ಮೇಕೆಯು ಬಂದಿತು. ಕೆಲವರ ಬೇಲಿಗಳೊಳಗೆ ಕಾಡುಮೃಗಗಳು ಬಂದುವು.

ಕಾನೂನೂ ಇದಕ್ಕೆ ಅನುಕೂಲವಾಗಿಯೇ ಇದ್ದಿತು. ಟೆಕ್ಸಾಸಿನಲ್ಲಿ ಆ ನೆಲದ ಸ್ವಂತ ಜಿಂಕೆಯು ಜನತೆಯ ಸೊತ್ತು. ಅದು ಯಾರ ಹೊಲದಲ್ಲಿ ಮೇಯ್ದರೂ ಬೇಟೆಗೆ ಕಾಲನಿಯಮವುಂಟು. ಪರದೇಶದ ಮೃಗವಾದರೋ ನೆಲದೊಡೆಯನ ಸೊತ್ತು, ಕುರಿಯಂತೆಯೇ, ಮೇಕೆಯಂತೆಯೇ. ಎಂಟು ಅಡಿಯ ಬೇಲಿಯನ್ನು ಹಾಕಿ ಅದನ್ನು ಒಳಗಿಟ್ಟವನು ಯಾವ ತಿಂಗಳಿನಲ್ಲಿ ಬೇಕಾದರೂ ಅದನ್ನು ಮಾರಬಹುದು, ಬೇಟೆಗೆ ಒಡ್ಡಬಹುದು.

ತೊಂಬತ್ತಾರು ಎಕರೆಯ ಪರೀಕ್ಷೆ

ಬೇಲಿಯೊಳಗೆ ಎಷ್ಟು ಪ್ರಾಣಿಗಳನ್ನು ಬಿಡಬೇಕೆಂಬುದು ಈ ವೃತ್ತಿಯ ಮೂಲಪ್ರಶ್ನೆ. ಅಮೆರಿಕದ ಪಶುಪಾಲಕರು ಇದಕ್ಕೊಂದು ಲೆಕ್ಕವನ್ನಿಟ್ಟುಕೊಂಡಿದ್ದಾರೆ. ಸಾವಿರ ಪೌಂಡು ತೂಕದ ಒಂದು ಹಸುವಿಗೆ ದಿನಕ್ಕೆ ಸುಮಾರು 26 ಪೌಂಡು ಒಣಮೇವು ಬೇಕು. ಆ ಒಂದು ಹಸುವಿಗೆ ಐದಾರು ಕುರಿಗಳು ಅಥವಾ ಮೇಕೆಗಳು ಸಮ. ಬಯಲಿನ ಕುರುಬನು ಇಲ್ಲಿ ಹುಲ್ಲು ಮುಗಿಯಿತೆಂದರೆ ಮಂದೆಯನ್ನು ಅಲ್ಲಿಗೆ ಹೊಡೆಯುತ್ತಾನೆ. ಬೇಲಿಯೊಳಗಿನ ಪ್ರಾಣಿಗೆ 'ಅಲ್ಲಿ' ಎಂಬುದೇ ಇಲ್ಲ. ಲೆಕ್ಕ ತಪ್ಪಿದರೆ ಮೊದಲು ರುಚಿಯಾದ ಸೊಪ್ಪು ಹೋಗುತ್ತದೆ, ಆಮೇಲೆ ಹುಲ್ಲು, ಆಮೇಲೆ ಮಣ್ಣು. ಒಂದೇ ನೆಲದಲ್ಲಿ ಬುಡಕ್ಕೆ ಬಾಯಿಹಾಕಿ ಮತ್ತೆ ಮತ್ತೆ ಮೇಯುವ ಕುರಿಮೇಕೆಗಳಿಗೆ ಹೊಟ್ಟೆಹುಳುಗಳ ಬಾಧೆಯೂ ಹೆಚ್ಚು. ಅಲ್ಲದೆ ಹತ್ತಿರದ ಬಂಧುಗಳಾದ ಕಾಡುಕುರಿಗೂ ಊರಕುರಿಗೂ, ಐಬೆಕ್ಸಿಗೂ ಊರಮೇಕೆಗೂ ಸಂಕರವಾಗುತ್ತದೆ. ಕೆಲವೇ ತಲೆಗಳಲ್ಲಿ ಶುದ್ಧಕುಲವು ಗುರುತಿಲ್ಲದಂತಾಗುತ್ತದೆ.

ಬೇರೆ ಬೇರೆ ಕುಲದ ಮೃಗಗಳು ಒಂದೇ ಬೇಲಿಯೊಳಗಿದ್ದರೆ ಏನಾಗುವುದೆಂಬುದನ್ನು ಕರ್ ಜಿಲ್ಲೆಯಲ್ಲಿರುವ ಟೆಕ್ಸಾಸ್ ಸರ್ಕಾರದ ವನ್ಯಮೃಗ ಕ್ಷೇತ್ರದಲ್ಲಿ ಪರೀಕ್ಷಿಸಿ ನೋಡಿದರು. ಪರೀಕ್ಷೆ ಜಿಂಕೆಗಳದಾದರೂ ಅದರ ಫಲವು ಎಲ್ಲ ಮೇಯುವ ಪ್ರಾಣಿಗಳಿಗೂ ಅನ್ವಯಿಸುವಂಥದು. 1971ರಲ್ಲಿ 96 ಎಕರೆಯ ಒಂದು ಆವರಣದೊಳಗೆ ಆ ನೆಲದ ಬಿಳಿಬಾಲದ ಜಿಂಕೆಗಳು ಆರನ್ನೂ ಜಪಾನ್ ಮೂಲದ ಸೀಕಾ ಜಿಂಕೆಗಳು ಆರನ್ನೂ ಬಿಟ್ಟರು. ಎಂಟು ವರ್ಷಗಳ ಬಳಿಕ ಎಣಿಸಿದಾಗ ಸೀಕಾ ಜಿಂಕೆಗಳು 62 ಇದ್ದುವು. ಬಿಳಿಬಾಲದ ಜಿಂಕೆ ಒಂದೂ ಉಳಿದಿರಲಿಲ್ಲ.

ಅತಿಥಿಯು ಆತಿಥೇಯನನ್ನು ಇರಿದು ಕೊಲ್ಲಲಿಲ್ಲ. ಇಬ್ಬರಿಗೂ ಪ್ರಿಯವಾದ ಎಲೆಸೊಪ್ಪು ತೀರಿದ ಮೇಲೆ ಸೀಕಾ ಜಿಂಕೆಯು ಒರಟು ಹುಲ್ಲನ್ನು ತಿಂದು ಬದುಕಬಲ್ಲದು. ಬಿಳಿಬಾಲದ ಜಿಂಕೆಗೆ ಆ ಹುಲ್ಲು ಜೀರ್ಣವಾಗದು. ಇದ್ದ ವ್ಯತ್ಯಾಸವು ಇಷ್ಟೇ. ಬಾರ್ಬರಿ ಕುರಿಗೂ ಇದೇ ಶಕ್ತಿಯುಂಟು. ಸೊಪ್ಪಿದ್ದರೆ ಸೊಪ್ಪು, ಇಲ್ಲದಿದ್ದರೆ ಹುಲ್ಲು. ಹೊಟ್ಟೆಯ ಈ ಸಣ್ಣ ಭೇದದಲ್ಲಿ ಒಂದು ಕುಲದ ಅಳಿವು ಉಳಿವು ಅಡಗಿರುತ್ತದೆಂಬುದನ್ನು ತೊಂಬತ್ತಾರು ಎಕರೆಯ ಆ ಬೇಲಿಯು ಲೋಕಕ್ಕೆ ತೋರಿಸಿಕೊಟ್ಟಿತು.

ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ

ಟೆಕ್ಸಾಸಿನ ಪಶ್ಚಿಮದ ಮರುಭೂಮಿಯ ಬೆಟ್ಟಗಳಲ್ಲಿ ಬಿಗ್‌ಹಾರ್ನ್ ಎಂಬ ಹಿರಿಗೊಂಬಿನ ಕಾಡುಕುರಿಯು ಅನಾದಿಯಿಂದ ಇದ್ದಿತು. ಮಿತಿಯಿಲ್ಲದ ಬೇಟೆ, ಊರಕುರಿಗಳಿಂದ ತಗುಲಿದ ಶ್ವಾಸಕೋಶದ ರೋಗ, ದಾರಿಗಡ್ಡವಾದ ಬಲೆತಂತಿಯ ಬೇಲಿ, ಇವೆಲ್ಲ ಕೂಡಿ 1960ರ ದಶಕದ ಆರಂಭದ ಹೊತ್ತಿಗೆ ಅದನ್ನು ಆ ಸಂಸ್ಥಾನದಿಂದಲೇ ಅಳಿಸಿಹಾಕಿದುವು.

ಸ್ವಂತ ಕುರಿಯು ಹೀಗೆ ಕೊನೆಯುಸಿರೆಳೆಯುತ್ತಿದ್ದ ಹೊತ್ತಿನಲ್ಲಿಯೇ, 1957 ಮತ್ತು 1958ರಲ್ಲಿ, ಉತ್ತರ ಟೆಕ್ಸಾಸಿನ ಪಾಲೊ ಡ್ಯೂರೊ ಕಮರಿಯಲ್ಲಿ 44 ಬಾರ್ಬರಿ ಕುರಿಗಳನ್ನು ಸರ್ಕಾರದ ಬೇಟೆ ಇಲಾಖೆಯೇ ಬಿಡುಗಡೆಮಾಡಿತು. ಬೇಟೆಗೆ ಹೊಸ ಮೃಗ ದೊರೆಯಲಿ ಎಂಬುದೇ ಉದ್ದೇಶ. ಖಾಸಗಿ ರಾಂಚುಗಳಿಂದಲೂ ಅವು ತಪ್ಪಿಸಿಕೊಂಡುವು. ಎಂಟು ಅಡಿಯ ಬೇಲಿಯಾದರೂ ಮರ ಬಿದ್ದಾಗ, ಹಳ್ಳ ಉಕ್ಕಿದಾಗ ಎಲ್ಲಿಯೋ ಒಂದೆಡೆ ಬಾಗುತ್ತದೆ; ಕಾಡುಕುರಿಗೆ ಅಷ್ಟು ಸಾಕು. ಇಂದು ಅವು ಪಶ್ಚಿಮ ಟೆಕ್ಸಾಸಿನ ಬೆಟ್ಟಗಳಲ್ಲಿ ಸಹಸ್ರಗಟ್ಟಲೆ ಇವೆ.

ಇತ್ತ ಸರ್ಕಾರವು ಬಿಗ್‌ಹಾರ್ನನ್ನು ಮರಳಿ ನೆಲೆಗೊಳಿಸುವ ಸಂಕಲ್ಪವನ್ನೂ ಮಾಡಿತು. 1950ರ ದಶಕದಲ್ಲಿ ಬ್ಲ್ಯಾಕ್ ಗ್ಯಾಪ್ ಎಂಬಲ್ಲಿ ಬೇಲಿಯ ಆವರಣವನ್ನು ಕಟ್ಟಿ ಅರಿಜೋನದಿಂದ ಕುರಿಗಳನ್ನು ತಂದರು. 1987ರಲ್ಲಿ ಎಲಿಫೆಂಟ್ ಮೌಂಟನ್ ಎಂಬ ಬೆಟ್ಟದಲ್ಲಿ ಮತ್ತಷ್ಟನ್ನು ಬಿಟ್ಟರು. ಹಲವು ದಶಕಗಳ ಶ್ರಮದಿಂದ ಅವುಗಳ ಸಂಖ್ಯೆಯು 2010ರ ಬಳಿಕ ಸುಮಾರು 1,500ನ್ನು ಮುಟ್ಟಿತು. ಆದರೆ ಈಚಿನ ವರ್ಷಗಳಲ್ಲಿ ಶ್ವಾಸಕೋಶದ ರೋಗವು ಮತ್ತೆ ಕಾಣಿಸಿಕೊಂಡು ಹಿಂಡುಗಳು ಕುಗ್ಗಿವೆ. ಆ ರೋಗದ ಸೂಕ್ಷ್ಮಜೀವಿಯು ಬಾರ್ಬರಿ ಕುರಿಗಳಲ್ಲಿಯೂ ಇರುವುದು ಕಂಡುಬಂದಿದೆ. ಅತಿಥಿಯು ಆ ಜೀವಿಯನ್ನು ಹೊತ್ತು ಬಾಳಬಲ್ಲದು, ಸ್ವದೇಶದ ಕುರಿಯು ಬಾಳಲಾರದು. 2024ರ ಡಿಸೆಂಬರಿನಲ್ಲಿ ಬಾರ್ಬರಿ ಕುರಿಗಳ ಕಾಟವಿಲ್ಲದ ಫ್ರಾಂಕ್ಲಿನ್ ಬೆಟ್ಟಗಳಿಗೆ 77 ಬಿಗ್‌ಹಾರ್ನುಗಳನ್ನು ಸಾಗಿಸಬೇಕಾಯಿತು. ಒಂದು ಕೈಯಿಂದ ಬಿಟ್ಟುದನ್ನು ಇನ್ನೊಂದು ಕೈಯಿಂದ ಓಡಿಸುವ ಈ ಸ್ಥಿತಿಗೆ, ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ ಎಂಬ ನಮ್ಮವರ ಗಾದೆಗಿಂತ ಉತ್ತಮವಾದ ಮಾತು ದೊರೆಯಲಾರದು.

ಬೇಲಿಯೇ ಇಲ್ಲದ ಕಡೆಯಲ್ಲಿ ಏನಾಯಿತೆಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. 1904ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕನು ಕಾಣಿಕೆಯಾಗಿ ಕಳುಹಿಸಿದ ಕೆಲವು ಹಿಮಾಲಯದ ತಾರ್‌ಗಳನ್ನು ಅಲ್ಲಿಯ ಕುಕ್ ಪರ್ವತದ ಬಳಿ ಬಿಟ್ಟರು. ತಾರ್ ಎಂಬುದು ಬಂಡೆಗಳ ಮೇಲೆ ಬಾಳುವ ಕಾಡಾಡಿನ ಜಾತಿ. ಹಿಮಾಲಯದಲ್ಲಿ ಅದಕ್ಕೆ ಹಿಮಚಿರತೆಯೇ ಮೊದಲಾದ ಶತ್ರುಗಳಿವೆ. ನ್ಯೂಜಿಲೆಂಡಿನಲ್ಲಿ ಯಾವ ಶತ್ರುವೂ ಇಲ್ಲ, ಅಲ್ಲಿಯ ಬೆಟ್ಟದ ಗಿಡಗಳಿಗೆ ಮೇಯುವ ಬಾಯಿಯ ಪರಿಚಯವೂ ಇರಲಿಲ್ಲ. ಅವು ಬೆಟ್ಟವನ್ನು ಬೋಳುಮಾಡತೊಡಗಿದುವು. 1993ರಲ್ಲಿ ಸರ್ಕಾರವು 10,000ಕ್ಕಿಂತ ಹೆಚ್ಚು ತಾರ್‌ಗಳಿರಕೂಡದೆಂದು ಮಿತಿಯನ್ನು ಗೊತ್ತುಮಾಡಿತು. ಬೇಟೆಗಾರರಿಗೂ ಅರಣ್ಯರಕ್ಷಕರಿಗೂ ಆ ವಿಷಯದಲ್ಲಿ ಇಂದಿಗೂ ವಿವಾದ ನಿಂತಿಲ್ಲ.

ಬೇಲಿಯ ಪುಣ್ಯ

ಆದರೆ ಬೇಲಿಯ ಲೆಕ್ಕದಲ್ಲಿ ಬರಿಯ ಪಾಪವನ್ನೇ ಬರೆಯುವುದು ನ್ಯಾಯವಲ್ಲ. ಬಾರ್ಬರಿ ಕುರಿಯು ತನ್ನ ತವರಾದ ಅಟ್ಲಾಸ್ ಪರ್ವತಗಳಲ್ಲಿಯೂ ಸಹಾರದ ಗುಡ್ಡಗಳಲ್ಲಿಯೂ ಬೇಟೆಯಿಂದ ಕ್ಷೀಣಿಸಿ, ಅಪಾಯಕ್ಕೆ ಸಿಕ್ಕಿದ ಪ್ರಾಣಿಗಳ ಪಟ್ಟಿಯಲ್ಲಿ ಸೇರಿದೆ. ತವರಿನಲ್ಲಿ ಬಡವಾದ ಕುಲವು ಪರದೇಶದಲ್ಲಿ ಬೆಳೆದಿರುವುದು ವಿಧಿಯ ವಿನೋದ. ಕೃಷ್ಣಮೃಗದ ಕಥೆಯೂ ಅಂಥದೇ. ಪಾಕಿಸ್ತಾನದ ನೆಲದಲ್ಲಿ ಅದು ಕಾಣೆಯಾದಾಗ, 1970ರ ಸುಮಾರಿಗೆ ಟೆಕ್ಸಾಸಿನ ಬೇಲಿಗಳೊಳಗಿನ ಸಂತತಿಯನ್ನೇ ಲಾಲ್ ಸುಹಾಂರಾ ಎಂಬ ಅಲ್ಲಿಯ ರಕ್ಷಿತ ವನಕ್ಕೆ ತರಬೇಕಾಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಅದಕ್ಕೆ ಅತ್ಯುನ್ನತ ರಕ್ಷಣೆಯನ್ನು ಕೊಟ್ಟುದರಿಂದ ನಮ್ಮಲ್ಲಿ ಅದು ತವರಿನಲ್ಲಿಯೇ ಉಳಿಯಿತು.

ಬೆಲೆಯಿರುವುದನ್ನು ಒಡೆಯನು ಕಾಯುತ್ತಾನೆ ಎಂಬುದು ರಾಂಚಿನವರ ವಾದ. ಅದು ಸುಳ್ಳಲ್ಲ. ಆದರೆ ಒಡೆಯನು ಕಾಯುವುದು ಬೆಲೆಯಿರುವ ಒಂದು ಪ್ರಾಣಿಯನ್ನು; ಬೆಲೆ ಇಳಿದೊಡನೆ ಆ ಕಾವಲೂ ಸಡಿಲುತ್ತದೆ. ಅಂಗೋರದ ಮೇಕೆಗೆ 1993ರ ಬಳಿಕ ಆದುದು ಇದೇ. ಮೇಲಾಗಿ, ಆ ಪ್ರಾಣಿಯ ಕಾಲಡಿಯ ಹುಲ್ಲಿಗೂ ನೆರೆಯ ಬೆಟ್ಟದ ಬಡ ಬಿಗ್‌ಹಾರ್ನಿಗೂ ಪೇಟೆಯಲ್ಲಿ ಬೆಲೆ ಕಟ್ಟುವವರಿಲ್ಲ.

ನಮ್ಮ ಬೆಟ್ಟಗಳ ಕಡೆಗೆ

ಇಷ್ಟನ್ನು ಅರಿತ ಮೇಲೆ ನಾವು ನಮ್ಮ ಬೆಟ್ಟಗಳ ಕಡೆಗೆ ಕಣ್ಣು ಹಾಯಿಸೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ನೀಲಗಿರಿಯ ತಂಪನ್ನು ಕಂಡು, ತಮ್ಮ ದೇಶದ ಕುರಿಗಳು ಇಲ್ಲಿ ಬಾಳಬಲ್ಲವೆಂದು ಎಣಿಸಿದರು. ಟಾಸ್ಮೇನಿಯದ ಮೆರಿನೋ, ದಕ್ಷಿಣ ಇಂಗ್ಲೆಂಡಿನ ಸೌತ್‌ಡೌನ್, ಇಂಗ್ಲೆಂಡ್ ಸ್ಕಾಟ್ಲೆಂಡುಗಳ ಗಡಿಬೆಟ್ಟಗಳ ಷೆವಿಯಟ್, ಈ ಮೂರು ಕುಲದ ಟಗರುಗಳನ್ನು ಕೊಯಮತ್ತೂರಿನ ಊರಕುರಿಗಳೊಡನೆ ಕೂಡಿಸಿದುದರಿಂದ ನೀಲಗಿರಿ ಕುರಿಯೆಂಬ ಹೊಸ ತಳಿಯು ರೂಪುಗೊಂಡಿತು. ದಕ್ಷಿಣ ಭಾರತದಲ್ಲಿ ನಯವಾದ ಉಣ್ಣೆಯನ್ನು ಕೊಡುವ ಕುರಿಯೆಂದು ಅದು ಹೆಸರಾಯಿತು.

ಇದು ಯಶಸ್ಸಿನ ಕಥೆ. ಏಕೆ ಯಶಸ್ವಿಯಾಯಿತೆಂಬುದನ್ನು ನೋಡಬೇಕು. ಬಂದ ಟಗರುಗಳು ಇಲ್ಲಿಯ ಕುರಿಯನ್ನು ಓಡಿಸಲಿಲ್ಲ, ಅದರೊಡನೆ ಬೆರೆತುವು. ಚಳಿಮಳೆಗಳಿಗೆ ಒಗ್ಗದವು ಅಳಿದುವು, ಒಗ್ಗಿದವು ಉಳಿದುವು. ಹಿಂದೆ ಹಿಂದೆ ನಡೆಯುವ ಕುರಿಗಾಹಿಯು ಅವುಗಳಿಗೆ ಇದ್ದೇ ಇದ್ದನು. ಹಲವು ತಲೆಗಳ ಕಾಲ ಹೀಗೆ ಬಾಳಿದ ಮೇಲೆ ಪರದೇಶದ್ದು ಎಂಬ ವಿಶೇಷಣವೇ ಉದುರಿಹೋಯಿತು. ಉದಕಮಂಡಲದ ಬಳಿಯ ಸ್ಯಾಂಡಿನಲ್ಲಾದಲ್ಲಿರುವ ಕುರಿ ಸಂಶೋಧನ ಕೇಂದ್ರದಲ್ಲಿ ಮೆರಿನೋ, ರಾಂಬುಯೇ ಕುಲಗಳೊಡನೆ ಕೂಡಿಸಿ 'ಸ್ಯಾಂಡಿನೋ' ಎಂಬ ಮತ್ತೊಂದು ತಳಿಯನ್ನೂ ಬೆಳೆಸಿದರು. ಆದರೆ ಹುಲ್ಲುಗಾವಲು ತೋಟವಾಗಿ, ಉಣ್ಣೆಯ ಬೇಡಿಕೆಯು ಕುಗ್ಗಿ, ಅಂದು ಹೊಸದಾಗಿ ಬಂದ ನೀಲಗಿರಿ ಕುರಿಯೇ ಇಂದು ಅಳಿವಿನಂಚಿಗೆ ಸರಿದು, ಆ ಕೇಂದ್ರದ ರಕ್ಷಣೆಯನ್ನು ಬೇಡುವಂತಾಗಿದೆ.

ಇನ್ನು ನಮ್ಮ ಕಾಡಾಡು. ತಮಿಳರು ವರೈಯಾಡು ಎನ್ನುವ ನೀಲಗಿರಿ ತಾರ್ ಪಶ್ಚಿಮ ಘಟ್ಟಗಳ ಮೇಲಲ್ಲದೆ ಭೂಮಂಡಲದ ಬೇರಾವ ಕಾಡಿನಲ್ಲಿಯೂ ಇಲ್ಲ. 'ಆಡು' ಎಂಬ ಮಾತು ಎರಡು ನುಡಿಗಳಿಗೂ ಸಮಾನವಾಗಿರುವಂತೆ, ಅದರ ಹೊಣೆಯೂ ಬೆಟ್ಟದ ಎಲ್ಲರಿಗೂ ಸಮಾನ. ಹತ್ತೊಂಬತ್ತನೆಯ ಶತಮಾನದ ಬೇಟೆಯಿಂದ ಅದು ಕ್ಷೀಣಿಸಿದಾಗ, ಬೇಟೆಗಾರರೇ ಎಚ್ಚೆತ್ತು 1877ರಲ್ಲಿ ಸಂಘವನ್ನು ಕಟ್ಟಿದರು. 1879ರಲ್ಲಿ ನೀಲಗಿರಿಯ ಬೇಟೆ ಮತ್ತು ಮೀನುಗಳ ರಕ್ಷಣಾ ಶಾಸನವು ಬಂದಿತು. ಕಾಲನಿಯಮ, ಪರವಾನಗಿ, ಕಾವಲು, ಇವೇ ಅದರ ಸಾಧನಗಳು. ಬೆಟ್ಟದ ಸುತ್ತ ಯಾರೂ ತಂತಿಯನ್ನು ಸುತ್ತಲಿಲ್ಲ. ಸ್ವಾತಂತ್ರ್ಯಾನಂತರ ಮುಕುರ್ತಿಯ ರಾಷ್ಟ್ರೀಯ ಉದ್ಯಾನವು ಅದಕ್ಕೆ ಆಶ್ರಯವಾಯಿತು. ತಮಿಳುನಾಡು ಅದನ್ನು ತನ್ನ ರಾಜ್ಯಮೃಗವೆಂದು ಅಂಗೀಕರಿಸಿತು. 2025ರಲ್ಲಿ ತಮಿಳುನಾಡು, ಕೇರಳಗಳು ಒಟ್ಟಾಗಿ ನಡೆಸಿದ ಗಣತಿಯಲ್ಲಿ 2,668 ತಾರ್‌ಗಳು ಎಣಿಕೆಗೆ ಸಿಕ್ಕಿದುವು.

ಇಂದು ಈ ಕಾಡಾಡಿಗಿರುವ ಭಯಗಳಲ್ಲಿ ಪರದೇಶದ ಗಿಡವೂ ಒಂದು. ಸೌದೆಗಾಗಿಯೂ ತೊಗಟೆಗಾಗಿಯೂ ಆಂಗ್ಲರ ಕಾಲದಿಂದ ಬೆಳೆಸಿದ ಆಸ್ಟ್ರೇಲಿಯದ ವಾಟಲ್ ಮರವು ಯಾರ ಅಪ್ಪಣೆಯನ್ನೂ ಕೇಳದೆ ಹುಲ್ಲುಗಾವಲನ್ನು ಮುಚ್ಚುತ್ತಿದೆ. ಟೆಕ್ಸಾಸಿಗೆ ಬಾರ್ಬರಿ ಕುರಿ ಹೇಗೋ ನಮಗೆ ಈ ವಾಟಲು ಹಾಗೆ. ತಂದ ದಿನ ಉಪಕಾರಿ, ಮಿತಿ ಮೀರಿದ ದಿನ ಅಪಕಾರಿ.

ಉಪಸಂಹಾರ

ಹೊರಗಿನಿಂದ ಬಂದುದೆಲ್ಲ ಕೆಟ್ಟದೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ನೀಲಗಿರಿ ಕುರಿಯೇ ಅದಕ್ಕೆ ಉತ್ತರವಾಗಿ ನಿಂತಿದೆ. ನಾವು ಹೇಳಬಯಸುವುದು ಇಷ್ಟೇ: ತರುವವನಿಗೆ ತರುವ ಹಕ್ಕಿದ್ದರೆ ಲೆಕ್ಕವಿಡುವ ಹೊಣೆಯೂ ಇದೆ. ಎಷ್ಟು ತಲೆಗೆ ಎಷ್ಟು ಹುಲ್ಲು, ಹೊಸದು ತಿನ್ನುವುದರಲ್ಲಿ ಹಳೆಯದರ ಪಾಲು ಎಷ್ಟು, ಯಾವ ರೋಗವನ್ನು ಅದು ಹೊತ್ತು ತಂದಿದೆ, ಬೇಲಿ ಮುರಿದ ದಿನ ಅದನ್ನು ಮರಳಿ ಹಿಡಿಯುವವರಾರು, ಬೆಲೆ ಬಿದ್ದ ದಿನ ಅದನ್ನು ಸಲಹುವವರಾರು? ಈ ಪ್ರಶ್ನೆಗಳಿಗೆ ತಂತಿಯು ಉತ್ತರ ಹೇಳಲಾರದು. ಕಾಯುವವನೇ ಹೇಳಬೇಕು.

ನಮ್ಮ ಹಿರಿಯರ ಹಟ್ಟಿಯಲ್ಲಿ ಬೇಲಿಯು ರಾತ್ರಿಯ ಸಹಾಯಕ್ಕೆ ಮಾತ್ರ ಇದ್ದಿತು. ಹಗಲಿನ ಹೊಣೆಯನ್ನು ಮನುಷ್ಯನು ತಾನೇ ಹೊತ್ತಿದ್ದನು. ಈ ಸಂಚಿಕೆಯನ್ನು ಓದುವ ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಪಶುವೈದ್ಯರಾಗಬಹುದು, ಅರಣ್ಯಾಧಿಕಾರಿಗಳಾಗಬಹುದು, ತಮ್ಮ ಹೊಲದಲ್ಲಿಯೇ ಬೋಯರ್ ಮೇಕೆಯನ್ನೋ ಮೆರಿನೋ ಟಗರನ್ನೋ ತಂದು ಕಟ್ಟಬಹುದು. ಧಾರಾಳವಾಗಿ ತರಲಿ. ತರುವ ಮುನ್ನ ಬೇಲಿಯ ಉದ್ದವನ್ನು ಅಳೆಯುವಂತೆ ಹುಲ್ಲಿನ ಅಳವನ್ನೂ ಅಳೆಯಲಿ. ಮನೆಯ ಹಳೆಯ ಮಂದೆಯಿಂದ ಹೊಸದನ್ನು ಕೆಲವು ವಾರ ಬೇರೆಯಿಟ್ಟು ನೋಡಲಿ. ಸ್ವಂತ ತಳಿಯ ಒಂದೆರಡು ಒಳ್ಳೆಯ ಟಗರುಗಳನ್ನು ಮಾರದೆ ಉಳಿಸಿಕೊಳ್ಳಲಿ. ಟೆಕ್ಸಾಸಿನವರು ನೂರು ವರ್ಷಗಳಲ್ಲಿ ಬಹಳ ಬೆಲೆ ತೆತ್ತು ಕಲಿತ ವಿದ್ಯೆಯು ನಮಗೆ ಅಷ್ಟು ಬೆಲೆ ತೆರದೆ ದೊರೆಯಲಿ ಎಂಬುದೇ ನಮ್ಮ ಹಾರೈಕೆ.